ಗುಲಾಬಿ ಬಣ್ಣದ ಗೋವಿನಜೋಳ

ಆಗಸ್ಟ್ ೩, ಬೆಳಿಗ್ಗೆ

ಬಿ.ಪಿ. ಗುಳಿಗೆ ಆಯಿತು. ವಾಕಿಂಗ್ ಕ್ಯಾನ್ಸಲ್ — ಜಿಟಿಜಿಟಿ ಮಳೆ. ಖಾನಾವಳಿಯ ರೊಟ್ಟಿ ಎರಡು ಉಳಿದಿದ್ದವು, ಚಹಾದಲ್ಲಿ ಅದ್ದಿ ತಿಂದೆ. ನಮ್ಮ ಮನೆಯವಳು ಪ್ರೇಮವ್ವ ಇದ್ದಿದ್ದರೆ ಇದನ್ನು ರೊಟ್ಟಿ ಎಂದೇ ಒಪ್ಪುತ್ತಿರಲಿಲ್ಲ. ಅವಳು ತೀರಿಹೋದಾಗಿನಿಂದ ರೊಟ್ಟಿ ಸುಡುವ ಅವಳ ಕಬ್ಬಿಣದ ಹಂಚು ಮೊಳೆಗೆ ತೂಗಿಕೊಂಡೇ ಇದೆ, ಒಲೆ ಕಂಡಿಲ್ಲ. ಇರಲಿ. ಸಬ್ಜೆಕ್ಟ್ ಬಿಡಬಾರದು.

ಹೊಳೆ ಏರಿ ದಂಡೆಯ ಊರಿಗೆ ನೀರು ನುಗ್ಗಿದೆ. ಜನ ಶಾಲೆಯಲ್ಲಿ ಮಲಗುತ್ತಿದ್ದಾರೆ. ಇಲ್ಲಿ ರಾಣೆಬೆನ್ನೂರಿನಲ್ಲಿ ಎಲ್ಲರೂ ಅಕ್ಕಿ, ಕಂಬಳಿ, ಬಿಸ್ಕಿಟ್ ಕೂಡಿಸುವುದರಲ್ಲಿದ್ದಾರೆ. ಕಾಮನ್ ಥಿಂಗ್ಸ್. ನಮ್ಮ ಊರು ಕೊಡಬೇಕಾದದ್ದು ಬೀಜ. ನೀರು ಇಳಿದ ಮೇಲೆ ಬಿತ್ತುವುದೇನು, ಬಿಸ್ಕಿಟ್ಟೇ? ಬೀಜದ ಕಂಪನಿಯಲ್ಲೇ ತಲೆ ಬೆಳ್ಳಗಾದವನು ನಾನು. ನನಗೆ ಹೊಳೆಯದೆ ಇನ್ಯಾರಿಗೆ ಹೊಳೆಯಬೇಕು. ಇನ್ ದಿ ಫಸ್ಟ್ ಪ್ಲೇಸ್, ಇದು ಚಾರಿಟಿ ಅಲ್ಲ, ರಿಹ್ಯಾಬಿ... ಮುಂದಿನದು ಮರೆತೆ. ಕಾಲೇಜಿನಲ್ಲಿ ಪೂರ್ತಿ ಬರುತ್ತಿತ್ತು.

ಆಗಸ್ಟ್ ೫

ಅಂಗಡಿಯವರು ಧಾರಾಳ. ಮಾರಾಟವಾಗದೆ ಉಳಿದ ಗೋವಿನಜೋಳದ ಬೀಜ, ಕೇಳಿದವರೆಲ್ಲ ಕೊಟ್ಟರು. ಆದರೆ ಪ್ಯಾಕೆಟ್ಟು ಒಂದೊಂದು ನಮೂನೆ. ಕೆಲವು ಹರಿದಿವೆ, ಕೆಲವು ಅರ್ಧ. ಹಾಗೆ ಕೊಟ್ಟರೆ ಭಿಕ್ಷೆ ಹಾಕಿದಂತೆ. ಎಲ್ಲ ಸುರಿದು ಕೂಡಿಸಿದೆ. ಹಳೆಯ ಸೀರೆ ಹರಿದು ಪ್ರೇಮವ್ವ ಹೊಲಿದಿಟ್ಟ ಚೀಲಗಳು ಟ್ರಂಕಿನಲ್ಲಿದ್ದವು. ಸಮಸಮ ತುಂಬಿ ಕೆಂಪು ದಾರ ಕಟ್ಟಿದೆ. ಎಂಥ ಲುಕ್! ಖಾಲಿ ಪ್ಯಾಕೆಟ್ಟು ಕಸದ ಗಾಡಿಗೆ.

ಟೆಂಪೋದ ಫಕ್ಕೀರಸಾಬ, ನನ್ನ ಕಾಲೇಜಿನ ಬೆಂಚ್‌ಮೇಟು, ಬಂದು ನನ್ನ ಬೆರಳು ನೋಡಿದ. ಹುಳ ಹಿಡಿಯದಂತೆ ಬೀಜಕ್ಕೆ ಹಚ್ಚಿದ ಔಷಧದ ಗುಲಾಬಿ ಬಣ್ಣ.

“ಏನ್ರೀ ನಿಜಲಿಂಗಪ್ಪನವರ, ಮದರಂಗಿ ಹಚ್ಚಿಗೊಂಡೀರಿ. ಎರಡನೇ ಲಗ್ನದ ಸುದ್ದಿ ಐತೇನು?”

ಸಾಬೂನು ಹಚ್ಚಿ ಎರಡು ಸಲ ತೊಳೆದೆ. ಸರ್ವಿಸಿನ ಹ್ಯಾಬಿಟ್.

ಆಗಸ್ಟ್ ೬, ಸಂಜೆ

ಗ್ರ್ಯಾಂಡ್ ಸಕ್ಸೆಸ್. ಶಾಲೆಯ ವರಾಂಡದಲ್ಲಿ ಸಣ್ಣ ಭಾಷಣ, ನಡುನಡುವೆ ಇಂಗ್ಲಿಷ್. ನಿಮ್ಮ ಬಾಳು ಮತ್ತೆ ಚಿಗುರಲಿ ಎಂದೆ. ಚಪ್ಪಾಳೆ. ಮುಂದೆ ನಿಂತ ಹೆಣ್ಣುಮಗಳು ಚೀಲ ಎದೆಗೆ ಅವುಚಿಕೊಂಡು, ಇಷ್ಟೂ ನಮಗೇನಾ ಎಂದು ಕೇಳಿದಳು. ಅವಳ ಗಂಡ ಲಕ್ಕಪ್ಪನಿಗೂ ನಂಬಿಕೆ ಇಲ್ಲ. ಫೋಟೋ ಮಸುಕಾಯಿತು ಎಂದು ಇನ್ನೊಮ್ಮೆ ಕೈ ಮುಗಿಯಲು ಹೇಳಿದೆ. ಮುಗಿದರು. ಬ್ಯಾಡಗಿಗೆ ಕೊಟ್ಟ ಮಗಳು ಸುರೇಖಾಗೆ ಕಳಿಸಿದ್ದೇನೆ. ಇನ್ನೂ ನೋಡಿಲ್ಲ. ಮೆಣಸಿನಕಾಯಿ ವ್ಯಾಪಾರದವರ ಮನೆ, ಬಿಜಿ.

ಆಗಸ್ಟ್ ೭, ಬೆಳಿಗ್ಗೆ ೭

ಸುರೇಖಾ ಫೋನ್ ಮಾಡಿದ್ದಳು. ಹೊಗಳುತ್ತಾಳೆ ಎಂದುಕೊಂಡೆ.

“ಅಪ್ಪಾ, ಮುಂದ ನಿಂತಾಕಿ ನಮ್ಮ ದುರಗವ್ವ. ಪ್ರತಿವರ್ಷ ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಸಾಕ ನಮ್ಮಲ್ಲಿಗೆ ಬರ್ತಾಳ. ಆಕಿಗೆ ಹೊಲ ಎಲ್ಲೈತಿ?”

ಅಲ್ಲಿದ್ದವರು ಬಹುತೇಕ ಕೂಲಿಯವರಂತೆ. ಹೊಳೆ ದಂಡೆಯಲ್ಲಿ ಇದ್ದವರೆಂದರೆ ಹೊಲದವರು ಎಂದು ನಾನೇ ಹಿಡಿದುಬಿಟ್ಟಿದ್ದೆ. ಈ ಊರಿನಲ್ಲಿ ಮನುಷ್ಯನನ್ನು ನೋಡಿದರೆ ಮೊದಲು ಕೇಳುವುದೇ ಎಷ್ಟು ಎಕರೆ ಎಂದು. ಇವರನ್ನು ನಾನು ಅದನ್ನೂ ಕೇಳಲಿಲ್ಲ.

ಹೊಲವಿಲ್ಲದವರು ಕಾಳನ್ನು ಏನು ಮಾಡುತ್ತಾರೆ? ಬೀಸುತ್ತಾರೆ. ತಿನ್ನುತ್ತಾರೆ. ವಿಷದ ಗುರುತು, ಆ ತಲೆಬುರುಡೆ, ಪ್ಯಾಕೆಟ್ಟಿನ ಮೇಲಿತ್ತು. ಪ್ರೇಮವ್ವನ ಸೀರೆಯ ಮೇಲೆ ಬರೀ ಹೂವು.

ಮೊನ್ನೆ ಎರಡು ಸಲ ಕೈ ತೊಳೆದವನು ನಾನೇ.

ಶಾಲೆಯಲ್ಲಿರುವ ಯಾರ ಫೋನ್ ನಂಬರೂ ನನ್ನ ಹತ್ತಿರ ಇಲ್ಲ. ಫಕ್ಕೀರಸಾಬ ಟೆಂಪೋ ತೆಗೆದುಕೊಂಡು ಇತ್ತ ಹೊರಟಿದ್ದಾನೆ. ಬದಲಿಗೆ ಕೊಡಲು ಬಿಳಿಜೋಳದ ಚೀಲ ಬಾಗಿಲಿಗೆ ತಂದಿಟ್ಟೆ. ಸುಮ್ಮನೆ ನಿಲ್ಲಲಾಗದೆ ಬರೆಯುತ್ತಿದ್ದೇನೆ. ಹಾರ್ನ್ —

ಅದೇ ದಿನ, ಸಂಜೆ

ಯಾರೂ ತಿಂದಿಲ್ಲ. ಮೊದಲು ಇದನ್ನು ಬರೆಯಬೇಕು. ಯಾರೂ ತಿಂದಿಲ್ಲ.

ಹೋದಾಗ ದುರಗವ್ವ ಬೋರಿಂಗಿನ ಹತ್ತಿರ ಕಾಳು ತೊಳೆಯುತ್ತಿದ್ದಳು. ಬಣ್ಣ ಪೂರ್ತಿ ಬಿಟ್ಟು ಕಾಳು ಬಂಗಾರದಂತೆ ಹೊಳೆಯುತ್ತಿತ್ತು. ನಿನ್ನೆಯೇ ತೊಳೆದು ಒಣಗಿಸಿದ್ದನ್ನು ಲಕ್ಕಪ್ಪ ಮುಂದಿನ ಊರಿನ ಗಿರಣಿಗೆ ಒಯ್ದಿದ್ದ. ಟೆಂಪೋ ಹಾರಿಸಿಕೊಂಡು ಹೋದೆವು. ಗಿರಣಿಯಲ್ಲಿ ಕರೆಂಟ್ ಇರಲಿಲ್ಲ. ಲಕ್ಕಪ್ಪ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದ, ಚೀಲ ತೊಡೆಯ ಮೇಲೆ. ನಾನು ಮಾತಾಡದೆ ಅದನ್ನು ಕಸಿದುಕೊಂಡೆ. ಕಳ್ಳನನ್ನು ನೋಡುವ ಹಾಗೆ ನೋಡಿದ. ಕರೆಂಟ್ ಇಲಾಖೆಯನ್ನು ಇನ್ನು ಬೈಯುವುದಿಲ್ಲ.

ಒಂದೂ ಬಿಡದೆ ಎಲ್ಲ ಚೀಲ ವಾಪಸ್ ತಂದೆ. ಹೊಲ ಇದ್ದವರನ್ನು ಹುಡುಕಿ, ವಿಷದ ಗುರುತು ಬರೆದೇ ಕೊಡಬೇಕು. ವರಾಂಡದಲ್ಲಿ ನಿಂತು ಹೇಳಿದೆ, ಈ ಸಲ ಇಂಗ್ಲಿಷ್ ಇಲ್ಲದೆ: ಇದು ವಿಷ, ತೊಳೆದರೂ ಹೋಗುವುದಿಲ್ಲ, ತಪ್ಪು ನನ್ನದು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಳಿಜೋಳದ ಚೀಲ ಇಳಿಸಿದೆ. ಯಾರೂ ಹತ್ತಿರ ಬರಲಿಲ್ಲ.

“ನಿನ್ನೀದೂ ನೀವ ಕೊಟ್ಟಿದ್ರಿ ಸಾಹೇಬ್ರ,” ಎಂದಳು ದುರಗವ್ವ. “ಕೈ ಮುಗೀರಿ ಅಂದ್ರಿ, ಎರಡು ಸಲ ಮುಗದ್ವಿ.”

ಜೋಳ ಟೆಂಪೋದಲ್ಲೇ ಮರಳಿತು.

ಆಗಸ್ಟ್ ೧೧

ಬರೆಯಲು ಮನಸ್ಸಾಗಲಿಲ್ಲ. ಗುಳಿಗೆ ಒಂದು ದಿನ ತಪ್ಪಿತು.

ಜೋಳವನ್ನು ಬೇರೆಯವರ ಕೈಯಿಂದ ಕೊಡಿಸೋಣ, ನಿಮ್ಮ ಹೆಸರು ಬೇಡ ಎಂದ ಫಕ್ಕೀರಸಾಬ. ಪ್ರಾಕ್ಟಿಕಲ್ ಸಜೆಶನ್. ಆದರೆ ಕೆಟ್ಟದ್ದು ನನ್ನ ಕೈ, ಸರಿಯಾಗಬೇಕಾದದ್ದೂ ಅದೇ.

ಸುರೇಖಾ ಇವತ್ತು ದುರಗವ್ವನನ್ನು ನೋಡಿ ಬಂದಳು. ಏನು ಬೇಕು ಎಂದು ಕೇಳಿದಳಂತೆ. (ನಾನು ಕೇಳಿರಲಿಲ್ಲ.) ಕಾಳು ಇದ್ದರೂ ರೊಟ್ಟಿ ಸುಡುವುದು ಯಾವುದರ ಮೇಲೆ, ಹಂಚೆಲ್ಲ ಹೊಳೆಪಾಲು ಎಂದಳಂತೆ ದುರಗವ್ವ. ಸುರೇಖಾಗೂ ನನಗೂ ಹಂಚು ತೂಗಿದ ಆ ಮೊಳೆ ಗೊತ್ತು.

ಹಂಚು ಇಳಿಸಿದೆ. ಗೋಡೆಯ ಮೇಲೆ ಕಪ್ಪು ವರ್ತುಲ ಉಳಿಯಿತು. ಪ್ಲಾನ್ ಸಿಂಪಲ್: ಜೋಳ ನನ್ನದು, ಹಂಚು ನಮ್ಮ ಮನೆಯದು, ಮೊದಲು ತಿನ್ನುವ ಬಾಯಿಯೂ ನನ್ನದು. ಎಕ್ಸ್‌ಪೆರಿಮೆಂಟ್ ಆನ್ ಸೆಲ್ಫ್. ನಡೆದೇ ನಡೆಯುತ್ತದೆ.

ಆಗಸ್ಟ್ ೧೨, ಸಂಜೆ

ಲಕ್ಕಪ್ಪನನ್ನೇ ಕರೆದುಕೊಂಡು ಗಿರಣಿಗೆ ಹೋಗಿ, ಅವನ ಕಣ್ಣೆದುರೇ ಬಿಳಿಜೋಳ ಬೀಸಿಸಿದೆ. ದುರಗವ್ವ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಹಂಚನ್ನು ತಿರುಗಿಸಿ ನೋಡಿ, ಯಾರದು ಎಂದಳು. ನಮ್ಮ ಮನೆಯವಳದು ಎಂದೆ. ಇಂಥದು ಈಗ ಸಿಗುವುದಿಲ್ಲ ಎಂದಳು, ಅಷ್ಟೇ.

ಆಮೇಲೆ ಆ ಸಪ್ಪಳ. ರೊಟ್ಟಿ ಬಡಿಯುವ ಸಪ್ಪಳ. ಎಷ್ಟು ದಿನವಾಗಿತ್ತು.

ನನ್ನನ್ನು ನಡುವೆ ಕೂರಿಸಿದರು. ಸುತ್ತಲೂ ಜನ.

“ಉಣ್ರಿ,” ಎಂದಳು ದುರಗವ್ವ. “ನಾವು ನೋಡತೇವಿ.”

ತಿಂದೆ. ನಾಲಿಗೆ ಸುಟ್ಟಿತು. ಕಣ್ಣಲ್ಲಿ ನೀರು ಬಂತು, ಒಲೆಯ ಹೊಗೆಗೆ ಎಂದುಕೊಳ್ಳಲಿ. ಒಬ್ಬ ಮುದುಕಿ ಫಕ್ಕೀರಸಾಬನನ್ನು ಕೇಳಿದಳು, ಇವರಿಗೇನಾದರೂ ಆದರೆ ಹಂಚು ಯಾರಿಗೆ ಹೋಗುತ್ತದೆ ಎಂದು. ಜನ ನಕ್ಕರು. ನಾನೂ ನಕ್ಕೆ. ಆದರೂ ಯಾರೂ ತಾಟು ತೆಗೆಯಲಿಲ್ಲ. ದುರಗವ್ವ ನನ್ನ ಮುಖ ನೋಡುತ್ತಲೇ ಇದ್ದಳು, ಹಾಲು ಕಾಯಲು ಇಟ್ಟವರ ಹಾಗೆ. ಒಲೆಯ ಕೆಂಡ ಬೂದಿಯಾಗುತ್ತ ಬಂತು. ಅವಳು ಮತ್ತೆ ಕಟ್ಟಿಗೆ ಒಟ್ಟಿ, ಇನ್ನೊಂದು ರೊಟ್ಟಿ ಬಡಿದು ಸುಟ್ಟು ನನ್ನ ಕೈಗೇ ಹಾಕಿದಳು.

“ಇದು ಪರೀಕ್ಷಾಕ್ಕಲ್ರಿ. ಇದು ಊಟಕ್ಕ.”

ಆಗ ತಾಟುಗಳು ಹೊರಬಂದವು.

ಹಂಚು ಅಲ್ಲೇ ಇದೆ. ಕೇಳಲು ಹೋಗಲಿಲ್ಲ, ಅವರೂ ಕೊಡಲು ಬರಲಿಲ್ಲ. ಪರ್ಫೆಕ್ಟ್ಲಿ ಆಲ್‌ರೈಟ್. ನಾಳೆ ಪೇಟೆಯಲ್ಲಿ ಇನ್ನಷ್ಟು ಹಂಚು ಕೂಡಿಸುವುದು, ಎಷ್ಟು ಬೇಕು ಎಂದು ಮೊದಲು ದುರಗವ್ವನನ್ನು ಕೇಳಿ.

ಬೆರಳಿಗೆ ಇನ್ನೂ ಜೋಳದ ರೊಟ್ಟಿಯ ವಾಸನೆ. ಮಲಗುವ ಮುನ್ನ ಕೈ ತೊಳೆಯಬೇಕು, ಆದರೆ ಇವತ್ತು ಬೇಡ.