ಒಂದೇ ಆಪ್ಷನ್

ಏಪ್ರಿಲ್ 19, ಶನಿವಾರ

ಎಂದಿನಂತೆ ಮಗ್ಗದ ಸದ್ದಿಗೇ ಎಚ್ಚರ. ಕಾಫಿ ಕುಡಿಯುವಾಗ ಜೆಇಇ ರಿಸಲ್ಟ್ ಬಂತು. 99.04 ಪರ್ಸೆಂಟೈಲ್. ಅಪ್ಪ ಮಗ್ಗ ನಿಲ್ಲಿಸಿ ಬಂದು ಫೋನ್ ನೋಡಿದರು.

"ನೂರಕ್ಕೆ ತೊಂಬತ್ತೊಂಬತ್ತಾ? ಒಂದೇ ಮಾರ್ಕ್ಸ್ ಹೋಗಿರೋದಾ?"

ಹಾಗಲ್ಲ ಅಂತ ವಿವರಿಸಲು ಹೋದೆ. ನೂರರಲ್ಲಿ ಒಬ್ಬರು ನನಗಿಂತ ಮುಂದೆ. ಬರೆದವರು ಹದಿನಾಲ್ಕು ಲಕ್ಷದ ಮೇಲೆ. ಅಂದರೆ ಮುಂದೆ ಹದಿನಾಲ್ಕು ಸಾವಿರ ಜನ... ಕೇಳುವವರು ಯಾರು. ಅಷ್ಟರಲ್ಲಿ ಬೀದಿಗೆಲ್ಲ ಹೇಳಿ ಬಂದಿದ್ದರು. ಎದುರುಮನೆ ಲಕ್ಕಮ್ಮಜ್ಜಿಯ ಪ್ರಕಾರ ದೊಡ್ಡಬಳ್ಳಾಪುರಕ್ಕೇ ನಾನು ಫಸ್ಟು.

ಜೂನ್ 8, ಭಾನುವಾರ

ಕಾಲೇಜು ಸೀಟಿಗೆ ಆಪ್ಷನ್ ತುಂಬುವ ಕೆಲಸ. ಚೈತ್ರ — ಜೊತೆಗೆ ಕೋಚಿಂಗ್‌ಗೆ ಬರುತ್ತಿದ್ದವಳು, 98.6 — ಸುರತ್ಕಲ್ ಎನ್‌ಐಟಿಯ ಎಲ್ಲ ಬ್ರಾಂಚೂ ಹಾಕಿದ್ದಾಳಂತೆ, ಮೈನಿಂಗ್ ತನಕ. ನಾನೂ ಹಾಗೇ ಹಾಕುತ್ತಿದ್ದೆ. ಅಪ್ಪ ಬಂದು ಪಕ್ಕ ಕೂತರು.

"ಇದೇನಮ್ಮ, ಕೆಳಗಿನ್ದೆಲ್ಲ ಯಾಕ್ ಹಾಕ್ತೀಯ? ನಿಂಗೆ ಬೇಕಾಗಿರೋದು ಕಂಪ್ಯೂಟರ್ ತಾನೆ?"

"ಅದು ಸಿಗ್ದೇ ಇದ್ರೆ ಇದು ಅಂತಪ್ಪ."

"ಸೀರೆ ಮಾರೋವಾಗ ಕಮ್ಮಿ ರೇಟು ನಾವೇ ಬಾಯ್ಬಿಟ್ರೆ ಮುಗೀತು, ಅಷ್ಟಕ್ಕೇ ಕೇಳ್ತಾರೆ. ತೊಂಬತ್ತೊಂಬತ್ತು ತಗೊಂಡಿದೀಯ. ಗಟ್ಟಿಯಾಗಿ ಕೂತ್ಕೊ."

ಆ ವೆಬ್‌ಸೈಟಿಗೆ ಚೌಕಾಸಿ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಅಪ್ಪನ ಮಾತು ಹಿತವಾಗಿತ್ತು. ನನ್ನ ಬೆಲೆ ಅಷ್ಟಿದೆ ಅಂತ ಯಾರಾದರೂ ಹೇಳಿದರೆ ಯಾರಿಗೆ ಬೇಡ? ಉಳಿದದ್ದೆಲ್ಲ ಅಳಿಸಿದೆ. ಸುರತ್ಕಲ್, ಕಂಪ್ಯೂಟರ್ ಸೈನ್ಸ್. ಲಾಕ್. ಇನ್ನು ಬದಲಾಯಿಸಲು ಬರುವುದಿಲ್ಲ.

ಜೂನ್ 14, ಶನಿವಾರ

ಮೊದಲ ರೌಂಡ್. ಇಲ್ಲ.

"ಮೊದಲ್ನೇ ಗಿರಾಕಿ ಹಂಗೇ ಎದ್ದೋಗ್ತಾನೆ ಬಿಡು" ಅಂದರು ಅಪ್ಪ. ನಕ್ಕೆ.

ಜೂನ್ 28

ಇಲ್ಲ. ಅಪ್ಪ ಈ ಸಲ ಎದ್ದು ಮಗ್ಗಕ್ಕೆ ಹೋದರು.

ಜುಲೈ 16, ಬುಧವಾರ

ಕೊನೆಯ ರೌಂಡ್. ಇಲ್ಲ.

ಚೈತ್ರಳಿಗೆ ಸುರತ್ಕಲ್ ಸಿಕ್ಕಿದೆ. ಮೈನಿಂಗ್. ಮೆಸೇಜ್ ನೋಡಿ ಹೊಟ್ಟೆ ಉರಿಯಿತು. ಈ ಡೈರಿಯಲ್ಲಾದರೂ ನಿಜ ಬರೆಯೋಣ — ಉರಿಯಿತು.

ಅಪ್ಪ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಗೋಡೆ ನೋಡುತ್ತಾ ಕೇಳಿದರು.

"ಕೆಳಗಿನ್ದೂ ಹಾಕಿದ್ರೆ ಸಿಕ್ತಿತ್ತೇನಮ್ಮ?"

"ಇಲ್ಲಪ್ಪ. ಈ ವರ್ಷ ತೊಂಬತ್ತೊಂಬತ್ತಕ್ಕೆ ಅಲ್ಲಿ ಯಾವ ಬ್ರಾಂಚೂ ಇಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ. ಸಿಇಟಿ ಇದೆಯಲ್ಲ, ಬಿಡಿ."

ಅಮ್ಮ ತಟ್ಟೆ ತಂದಿಟ್ಟರು. ಎರಡು ಮುದ್ದೆ ಉಂಡರು ಅಪ್ಪ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಜುಲೈ 18, ಶುಕ್ರವಾರ, ಸಂಜೆ

ಸದ್ಯಕ್ಕೆ ನಮ್ಮ ಮನೆಗೆ ಬರಬೇಡ ಅಂತ ಚೈತ್ರಳಿಗೆ ನಿನ್ನೆಯೇ ಹೇಳಬೇಕಿತ್ತು. ಏನು ಕಾರಣ ಕೊಡುವುದು ಅಂತ ತೋಚದೆ ಸುಮ್ಮನಾದೆ. ಈಗ ಹಜಾರದಲ್ಲಿ ಅವಳದೇ ದನಿ. ಎದ್ದು ಹೋಗಬೇಕು, ಹೋಗಿ ಏನು ಹೇಳಲಿ? ಅಪ್ಪ ಖುಷಿಯಾಗಿಯೇ ಮಾತಾಡಿಸುತ್ತಿದ್ದಾರೆ...

"ಸುರತ್ಕಲ್ಲಾ? ಭೇಷ್ ಕಣಮ್ಮ. ನಮ್ಮ ಅನಿತಂಗೆ ತೊಂಬತ್ತೊಂಬತ್ತಕ್ಕೂ ಸಿಗ್ಲಿಲ್ಲ ನೋಡು. ನಿಂದು ಎಷ್ಟು ಬಂದಿತ್ತು?"

ಹೇಳಬೇಡ ಚೈತ್ರ. ತೊಂಬತ್ತೆಂಟು ಅಂತ ಹೇಳ—