ತೊಳೆದಿಟ್ಟ ಕಡಲು

ಪಣಕಹಳ್ಳಿ
ಮಂಗಳವಾರ

ರೀ,

ಶನಿವಾರ ಮೀನು ತರಲು ಕೊಯಮತ್ತೂರಿಗೆ ಹೋಗಬೇಡಿ. ಆ ನೀಲಿ ಕಡಲ ಮೀನಂತೂ ಬೇಡವೇ ಬೇಡ, ಅದು ಬೆಳೆದರೆ ನಮ್ಮ ಗಾಜಿನ ತೊಟ್ಟಿ ಸಾಲದು ಅಂತ ಅಂಗಡಿಯವರೇ ಹೇಳಿದ್ದರು. ಒಂದು ಜೋಡಿ ಕ್ಲೌನ್ ಮೀನು ಸಾಕು, ಅದೂ ಈಗಲ್ಲ.

ಫೋನಿನಲ್ಲಿ ಹೇಳಿದರೆ ಅಲ್ಲಿಂದಲೇ ಕೂಗಾಡುತ್ತೀರಿ ಅಂತ ಸತ್ಯಮಂಗಲದ ಬಸ್ಸಿನ ಕಂಡಕ್ಟರ್ ಕೈಲಿ ಈ ಕಾಗದ ಕೊಟ್ಟಿದ್ದೇನೆ.

ನಿನ್ನೆ ನಾನು ಹೊಲದಲ್ಲಿದ್ದಾಗ ಅತ್ತೆ ಸೋಮವಾರದ ಪೂಜೆಗೆಂದು ಮನೆ ತೊಳೆದಿದ್ದಾರೆ. ತೊಟ್ಟಿಯ ಕಲ್ಲಿಗೆ ಕಂದು ಪಾಚಿ ಕಟ್ಟಿತ್ತಲ್ಲ, ಅದನ್ನು ಕೊಳೆ ಅಂದುಕೊಂಡು ನೀರೆಲ್ಲ ಚೆಲ್ಲಿ, ಕಲ್ಲು ಮರಳನ್ನು ಬೂದಿ ಹಾಕಿ ಉಜ್ಜಿ, ಬೋರಿನ ನೀರು ತುಂಬಿಸಿ, ನೀವು ಹಾಕುತ್ತಿದ್ದ ಕಡಲುಪ್ಪಿನ ಬದಲು ಅಡುಗೆ ಉಪ್ಪು ಸುರಿದಿದ್ದಾರೆ.

"ನೀರು ಮಾಗಲಿ ಅಂತ ಇಷ್ಟು ದಿನ ಕಾದಿದ್ದೆವಲ್ಲ ಅತ್ತೆ" ಅಂದುಬಿಟ್ಟೆ. ಅನ್ನಬಾರದಿತ್ತು. ಆ ನೀರಿನಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವಗಳಿವೆ, ಮೀನನ್ನು ಕಾಯುವುದು ಅವೇ ಅಂತ ನೀವು ಹೇಳಿದ್ದು ಅವರಿಗೆ ಆಗ ನೆನಪಾಯಿತು.

"ಅಷ್ಟು ಜೀವಾನೂ ಕೈಯಾರೆ ಕೊಂದ್ಬುಟ್ಟೆ ಕಣವ್ವ. ಇದೇ ಕೈಲಿ ಇನ್ನೆಂಗವ್ವ ಲಿಂಗ ಇಡ್ಕೊಳ್ಳದು" ಅಂದರು.

ಇವತ್ತೂ ಲಿಂಗವನ್ನು ಅಂಗೈಗೆ ತೆಗೆದುಕೊಂಡಿಲ್ಲ. ಪೂಜೆಯಾಗದೆ ಅವರು ಉಣ್ಣುವವರಲ್ಲ, ನಿಮಗೇ ಗೊತ್ತು. ನೀರು ಕೂಡ ಮುಟ್ಟಿಲ್ಲ. ಸಕ್ಕರೆ ಕಾಯಿಲೆಯವರು ಬೇರೆ.

ಅದು ಬರೀ ನೀರು, ಇನ್ನೂ ಏನೂ ಹುಟ್ಟಿರಲಿಲ್ಲ ಅಂತ ಹೇಳಿದ್ದೇನೆ. ನಂಬಿಲ್ಲ, ನಿಮ್ಮನ್ನೇ ಕೇಳುತ್ತಾರಂತೆ. ನೀವೂ ಅದನ್ನೇ ಹೇಳಿ.

ಇವತ್ತಿನ ಬಸ್ಸಿಗೇ ಬನ್ನಿ. ಬಂದವರು ತೊಟ್ಟಿಯ ಕಡೆ ನೋಡಬೇಡಿ, ಮೊದಲು ಅವರ ಕೈ ಹಿಡಿದುಕೊಳ್ಳಿ.

ದಾರಿ ನೋಡುತ್ತಿರುವ,
ಶೈಲಶ್ರೀ