ಮನೆ ಮಗನಿಗೆ ಕಾರ್ಡಿಲ್ಲ

ಆಳಂದ
ಶನಿವಾರ, ೧೦ ಜನವರಿ ೨೦೨೬

ಜೇವರ್ಗಿ ಸಂಸ್ಥಾನದ ಪಟ್ಟದರಸಿ, ಎರಡು ಎಮ್ಮೆ ಹಾಗೂ ಒಬ್ಬ ಭಾವನ ಏಕಮಾತ್ರ ಒಡತಿ, ಈ ಪಾಮರನ ಕಿವಿಯನ್ನು ಹಿಂಡಿ ಹಿಂಡಿ ಮೊರದಗಲ ಮಾಡಿದ ಶ್ರೀಮತಿ ಶಿವಗಂಗಾ ಅಕ್ಕನವರ ದಿವ್ಯ ಪಾದಗಳಿಗೆ, ತೊಗರಿ ಧೂಳೇ ವಿಭೂತಿಯಾಗಿರುವ ಬೇಳೆ ಮಿಲ್ಲಿನ ಸೇವಕ, ನಿನ್ನ ತಮ್ಮ ಶಾಂತಕುಮಾರನು ಅಡ್ಡಬಿದ್ದು ಮಾಡುವ ಶರಣಾರ್ಥಿಗಳು.

ನಿನ್ನ ಸೊಂಟನೋವು ಹೇಗಿದೆ? ಭಾವನವರ ಗೊರಕೆ ಕಡಿಮೆಯಾಯಿತೋ, ಅಥವಾ ಎಮ್ಮೆಗಳೇ ಒಗ್ಗಿಕೊಂಡವೋ? ಅವ್ವ ಆರಾಮಿದ್ದಾಳೆ. ಫೋನು ಬಿಟ್ಟು ಕಾಗದ ಬರೆದದ್ದೇಕೆಂದು ಹುಬ್ಬು ಗಂಟಿಕ್ಕಬೇಡ. ಫೋನಾದರೆ ನಿಮ್ಮತ್ತೆ ಸ್ಪೀಕರ್ ಹಾಕಿಸುತ್ತಾರೆ, ಅವರು ಕೇಳಿದ್ದು ಸಂಜೆಯೊಳಗೆ ಅವ್ವನಿಗೆ ಮುಟ್ಟುತ್ತದೆ. ಇದು ಅವ್ವನಿಗೆ ಮುಟ್ಟಬಾರದು. ಅದಕ್ಕೇ ತೊಗರಿ ಲಾರಿಯ ಸುನೀಲಕುಮಾರನ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನ ಜೊತೆ ದುಡಿಯುವ ಮಲ್ಲಣ್ಣ ನಿನಗೆ ಗೊತ್ತಲ್ಲ, ನಿನ್ನ ಮದುವೆಯಲ್ಲಿ ಹೋಳಿಗೆ ಎಣಿಸದೆ ತಿಂದವನು. ಹೋದ ವಾರ ಬೇಳೆ ಒಡೆಯುವ ಯಂತ್ರವನ್ನು ತಿರುಗಿಸುವ ಪಟ್ಟಾಕ್ಕೆ, ಅಂದರೆ ಬೆಲ್ಟಿಗೆ, ಅವನ ಕೈ ಸಿಕ್ಕಿತು. ಅವನು ಚೀರಿದಾಗ ಯಾರೂ ಓಡಿಬರಲಿಲ್ಲ ಅಕ್ಕ. ದಿನಾ ಸುಮ್ಮಸುಮ್ಮನೆ ಹಾಗೆ ಚೀರಿ ಎಲ್ಲರನ್ನೂ ಹೆದರಿಸುವವನು ನಾನಲ್ಲವೇ? “ಲೇ ಶಾಂತ್ಯಾ, ಸುಮ್ನಿರಲೇ, ಸಾಕು ನಿನ್ನ ನಾಟಕ” ಎಂದು ಕೂತಲ್ಲಿಂದಲೇ ಬೈದರು. ನಾನು ಆಗ ಹೊರಗೆ ನೀರು ಕುಡಿಯುತ್ತಿದ್ದೆ. ಎರಡು ಬೆರಳು ಹೋದವು.

ಸರಕಾರದ ಕಾರ್ಡಿನಿಂದ ಕಲಬುರಗಿಯಲ್ಲಿ ಆಪರೇಷನ್ನೇನೋ ಆಯಿತು. ಆದರೆ ಪಗಾರ ನಿಂತಿತು. ಅವನ ಹೆಂಡತಿ ನಾಗರತ್ನಾ ಮಿಲ್ಲಿನ ಬಾಗಿಲಿಗೆ ಬಂದು, “ಕೈಗೆ ಪಟ್ಟಿ ಸರಕಾರದವ್ರು ಕಟ್ಟ್ಯಾರ್ರಿ, ನಮ್ಮ ಒಲಿ ಯಾರು ಹಚ್ಚತಾರ್ರಿ?” ಎಂದು ಕೇಳಿದಳು. ಆಮೇಲೆ ನನ್ನ ಗೆಳೆಯ ಖಮರ ಹೇಳಿದ. ಅವನ ಅಣ್ಣ ಸೊಲ್ಲಾಪುರದಲ್ಲಿ ಬಟ್ಟೆ ಮಿಲ್ಲಿನಲ್ಲಿ ದುಡಿಯುವವನು, ಅವನಿಗೆ ಇ.ಎಸ್.ಐ. ಕಾರ್ಡಿದೆ, ಅಂದರೆ ದುಡಿಯುವವರ ಸರಕಾರಿ ವಿಮೆ. ಅವನ ಪಗಾರದಲ್ಲಿ ಚೂರು ಮುರಿದುಕೊಳ್ಳುತ್ತಾರೆ, ಮಾಲೀಕರು ಅದಕ್ಕಿಂತ ಹೆಚ್ಚು ತುಂಬುತ್ತಾರೆ. ಕೆಲಸದಲ್ಲಿ ಕಾಲು ಮುರಿದಾಗ ಔಷಧದ ಜೊತೆಗೆ, ಮನೆಯಲ್ಲಿ ಕೂತ ದಿನಗಳ ಪಗಾರದ ಬಹುಪಾಲೂ ಬಂತಂತೆ. ಹೆಂಡತಿ ಮಕ್ಕಳಿಗೂ, ಮಗನನ್ನೇ ನಂಬಿದ ತಾಯಿಗೂ ಅದರಲ್ಲೇ ದವಾಖಾನೆ. ಹತ್ತು ಮಂದಿ ದುಡಿಯುವ ಕಡೆ ಇದು ಇರಲೇಬೇಕು ಎಂದ.

ನಾವು ದುಡಿಯುವವರು ಹನ್ನೆರಡು. ಹಾಜರಿ ಪುಸ್ತಕದಲ್ಲಿ ಹೆಸರಿರುವವರು ಒಂಬತ್ತು. ಉಳಿದ ಮೂವರು, ಅಂದರೆ ಮಲ್ಲಣ್ಣ, ಖಮರ ಮತ್ತು ನಿನ್ನ ಈ ಸುಪುತ್ರಸಮಾನ ತಮ್ಮ, ‘ಮನಿ ಮಕ್ಕಳು’. ಎಳ್ಳಮಾವಾಸ್ಯೆಗೆ ನಮ್ಮ ಮಿಲ್ಲಿನ ಸಾವುಕಾರ ಬಸವಂತರಾಯರ ಹೊಲದಲ್ಲಿ ಅವರ ಪಂಕ್ತಿಯಲ್ಲೇ ಕೂತು ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುವವರು. ಗುಮಾಸ್ತ ಹೆಸರು ಬರೆದುಕೊಳ್ಳಲು ಬಂದಾಗ, “ಹಾಜರಿ ಆಳುಗಳಿಗ್ರಿ, ನಾವು ಮಕ್ಕಳು” ಎಂದು ಮೀಸೆ ತಿರುವಿ ಅವನನ್ನು ಓಡಿಸಿದವರೂ ನಾವೇ. ಸಾವುಕಾರರು ಕೆಟ್ಟವರಲ್ಲ. ಮಲ್ಲಣ್ಣನ ಮನೆಗೆ ಜೋಳ ಕಳಿಸಿದರು, “ನಾ ಇದ್ದೇನಲ್ಲ” ಎಂದರು. ಬೇಕಾದರೆ ಖಾಸಗಿ ಪಾಲಿಸಿ ಮಾಡಿಸುತ್ತೇನೆ ಎಂದೂ ಅಂದರು. ಆದರೆ ಅವರು ಹೇಳಿದ ಪಾಲಿಸಿ ದವಾಖಾನೆಯ ಬಿಲ್ಲಿಗೆ ಮಾತ್ರ. ಒಲೆಯ ಮಾತು ಅದರಲ್ಲೂ ಇಲ್ಲ.

ಈಗ ನಿಜವಾದ ಸುದ್ದಿ. ಸೋಮವಾರದಿಂದ ಆ ಯಂತ್ರಕ್ಕೆ ನಾನು ನಿಲ್ಲಬೇಕಂತೆ. ಪಟ್ಟಾಕ್ಕೆ ಕೈ ಸಿಗದಂತೆ ತಡೆಯುವ ಜಾಳಿಗೆ ಇನ್ನೂ ಹಾಕಿಲ್ಲ. ಅದು ತಿರುಗುವ ಸಪ್ಪಳ ಕೇಳಿದರೆ ನನ್ನ ಬೆರಳುಗಳು ತಾವಾಗಿಯೇ ಮುಷ್ಟಿಯೊಳಗೆ ಅಡಗುತ್ತವೆ. ರೊಟ್ಟಿ ಮುರಿಯುವಾಗಲೂ ಅವುಗಳನ್ನೇ ನೋಡುತ್ತೇನೆ. ಅವ್ವ ಕೇಳಿದರೆ “ಉಂಡ ಮನಿಗಿ ಎದುರು ಆಡಬ್ಯಾಡೋ” ಎಂದು ನನ್ನ ಬಾಯಿಗೇ ಬೀಗ ಹಾಕುತ್ತಾಳೆ.

ಆದರೆ ನೀನು ಹೆದರಬೇಡ. ಇಂದು ನಿನ್ನ ತಮ್ಮ ಎದೆ ಸೆಟೆಸಿ ನಿಂತು ಹೇಳಿಯೇಬಿಟ್ಟ: “ಸಾವುಕಾರ್ರೇ, ಮಗ ಅನ್ನೋದು ಮನಿಯಾಗ ಇರ್ಲಿ. ಮಿಲ್ಲಿನ್ಯಾಗ ನಮ್ಮ ಮೂರೂ ಮಂದಿ ಹೆಸರು ಬರೀರಿ, ಇ.ಎಸ್.ಐ. ಮಾಡಸ್ರಿ, ಪಟ್ಟಾಕ್ಕ ಜಾಳಗಿ ಹಾಕಸ್ರಿ. ಅಲ್ಲೀತನಕ ನಾ ಅದರ ಬಾಜೂಕ ನಿಲ್ಲಂಗಿಲ್ಲ.” ಸಾವುಕಾರರು ಎದ್ದು ನಿಂತು, ಟವೆಲ್ಲಿನಿಂದ ಕಣ್ಣೊರೆಸಿಕೊಂಡು, “ನನ್ನ ಕಣ್ಣು ತೆರಸ್ದೆಪ್ಪಾ ಶಾಂತಕುಮಾರ” ಎಂದು ನನ್ನನ್ನು ಬಿಗಿದಪ್ಪಿಕೊಂಡರು. ಇಡೀ ಮಿಲ್ಲು ಚಪ್ಪಾಳೆ ತಟ್ಟಿತು.

ಭಾವನವರಿಗೆ ನಮಸ್ಕಾರ, ಅತ್ತೆಯವರಿಗೆ ದೂರದಿಂದಲೇ ನಮಸ್ಕಾರ, ಎಮ್ಮೆಗಳಿಗೆ ಆಶೀರ್ವಾದ.

ನಿನ್ನ ಹಿಂಡಿದ ಕಿವಿಯ,
ಶಾಂತಕುಮಾರ

ಮರೆತಿದ್ದೆ: ಸುನೀಲಕುಮಾರ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳುತ್ತೇನೆ. ನಾನು ಆ ಮಾತು ಆಡಿದಾಗ ಸಾವುಕಾರರು ಅಲ್ಲಿರಲಿಲ್ಲ. ತಲೆಗೆ ಟವೆಲ್ಲು ಸುತ್ತಿಕೊಂಡು ಚೀಲದ ಮೇಲೆ ಸಾವುಕಾರನಾಗಿ ಕೂತಿದ್ದವನು ಖಮರ. ಚಪ್ಪಾಳೆ ತಟ್ಟಿದವನೂ ಅವನೇ. ಖರೇ ಸಾವುಕಾರರಿಗೆ ಸೋಮವಾರ ಬೆಳಿಗ್ಗೆ ಹೇಳಬೇಕು. ನಾಳೆಯ ಬಸ್ಸಿಗೆ ಬಾ. ನೀನು ಏನೂ ಮಾತಾಡಬೇಡ, ನನ್ನ ಹಿಂದೆ ನಿಂತಿರು ಸಾಕು. ಖಮರನಿಗೆ ಹೇಳುವಾಗಲೇ ಎರಡು ಸಲ ಮಾತು ತಪ್ಪಿ ಮೊದಲಿನಿಂದ ಶುರುಮಾಡಿದೆ, ಅಕ್ಕ.